ಯಾರೂ ಹುರಿಯದ ಮೆಣಸಿನಕಾಯಿ

ಪರೀಕ್ಷೆಯ ಕೆಲಸಕ್ಕೆ ಯಾವ ಊರನ್ನು ಬೇಕಾದರೂ ಹಾಕಿ, ಜಂಗಮಕೋಟೆ ಮಾತ್ರ ಬೇಡ ಎಂದು ನಾನು ಬಾಯಿಬಿಟ್ಟು ಕೇಳಿದ್ದೆ. ಕೇಳಿದ್ದಕ್ಕೇ ಇರಬೇಕು, ಅದನ್ನೇ ಹಾಕಿದರು. ಚಿಕ್ಕಬಳ್ಳಾಪುರದಿಂದ ಬೆಳಿಗ್ಗೆ ಹೊರಟು, ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಿ ಅಲ್ಲಿ ಇಳಿದಾಗ ಮೊದಲು ಎದುರಾದದ್ದು ವಾಸನೆ. ಆಗತಾನೆ ಕೊಯ್ದ ಹಿಪ್ಪುನೇರಳೆ ಸೊಪ್ಪು, ಸುಣ್ಣ, ರೇಷ್ಮೆಹುಳುವಿನ ಹಿಕ್ಕೆ, ಮೂರೂ ಕಲೆತ ಒಂದು ಹಸಿ ವಾಸನೆ. ಆ ಊರಿನ ಯಾವ ಬೀದಿಯಲ್ಲಿ ನಿಂತರೂ ಅದು ಬರುತ್ತದೆ. ಸೆರಗನ್ನು ಮೂಗಿಗೆ ಒತ್ತಿಕೊಂಡು ಶಾಲೆ ಸೇರಿದೆ.

ಪ್ರಶ್ನೆಪತ್ರಿಕೆ ಹಂಚಿದ ಮೇಲೆ ಮಕ್ಕಳು ತಲೆ ತಗ್ಗಿಸಿ ಬರೆಯತೊಡಗಿದರು. ಒಂದು ಕೋಣೆ ತುಂಬ ಪೆನ್ನುಗಳು ಒಟ್ಟಿಗೆ ಕಾಗದದ ಮೇಲೆ ಓಡುವಾಗ ಸಣ್ಣಗೆ ಚರಚರ ಎನ್ನುತ್ತದೆ. ಹುಳುಗಳು ಕೊನೆಯ ವಾರದಲ್ಲಿ ಸೊಪ್ಪು ಮೇಯುವಾಗಲೂ ಇದೇ ಸದ್ದು. ಎಲ್ಲರೂ ಅದನ್ನು ಮಳೆಯ ಸದ್ದು ಎನ್ನುತ್ತಾರೆ. ಇಲ್ಲಿ ನನ್ನ ಗೆಳತಿಯಾಗಿದ್ದ ಪ್ರಮೀಳ ಮಾತ್ರ, "ನಿಮ್ ಹುಡುಗ್ರು ಪರೀಕ್ಷೆ ಬರೀತಾವ್ರೆ, ಕೇಳುಸ್ಕೊಳ್ಳೇ ಶೈಲಾ" ಎನ್ನುತ್ತಿದ್ದಳು. ಆ ಕೋಣೆಯಲ್ಲಿ ಮೂರು ಗಂಟೆ ಆ ಸದ್ದು ಕೇಳುತ್ತಾ ಕೂರುವುದು ನನ್ನ ಹಣೆಯಲ್ಲಿ ಬರೆದಿತ್ತು. ಮಕ್ಕಳು ನಕಲು ಹೊಡೆದರೋ ಬಿಟ್ಟರೋ ನನಗೆ ತಿಳಿಯದು. ನಾನು ಆ ಒಂದು ವರ್ಷವನ್ನು ಮತ್ತೆ ಮೊದಲಿನಿಂದ ನೋಡುತ್ತಾ ಕುಳಿತಿದ್ದೆ.

ಕೊರೊನಾ ಮುಗಿದು ಶಾಲೆಗಳ ಬಾಗಿಲು ತೆರೆದ ಹೊಸದರಲ್ಲಿ ನನ್ನನ್ನು ಇದೇ ಶಾಲೆಗೆ ವಿಜ್ಞಾನದ ಟೀಚರಾಗಿ ಹಾಕಿದ್ದರು. ಮನೆಯವರ ಕೆಲಸ ಚಿಂತಾಮಣಿಯಲ್ಲಿ. ನಾನು ಶನಿವಾರ ಹೋಗಿ ಸೋಮವಾರ ಬರುವುದೆಂದಾಯಿತು. ವಾರದ ದಿನಗಳಿಗೆಂದು ಆಂಜಿನಪ್ಪ ಎನ್ನುವವರ ಮನೆಗೆ ಅಂಟಿದ ಎರಡು ಕೋಣೆ ಬಾಡಿಗೆಗೆ ಹಿಡಿದೆ. ಆಂಜಿನಪ್ಪನವರು, ಅವರ ತಾಯಿ ಮುನಿಯಮ್ಮ, ಹೆಂಡತಿ ಪ್ರಮೀಳ, ಇಷ್ಟು ಜನರ ಮನೆ. ಹೊಲದ ತುಂಬ ಹಿಪ್ಪುನೇರಳೆ, ಹಿತ್ತಲಲ್ಲಿ ಹುಳುಮನೆ. ನನ್ನ ಅಡುಗೆಕೋಣೆಯ ಕಿಟಕಿಗೂ ಹುಳುಮನೆಯ ಜಾಲರಿ ಬಾಗಿಲಿಗೂ ನಡುವೆ ಒಂದು ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆಮರ ಮಾತ್ರ ಇದ್ದವು. ನಮ್ಮ ಸ್ನೇಹ ಬೆಳೆದದ್ದೂ ಅಷ್ಟೇ ಜಾಗದಲ್ಲಿ, ಹಾಳಾದದ್ದೂ ಅಷ್ಟೇ ಜಾಗದಲ್ಲಿ.

ಸಾಮಾನು ಇಳಿಸಿದ ದಿನವೇ ಮುನಿಯಮ್ಮ ಬಂದು ಕಟ್ಟಳೆಗಳನ್ನು ಹೇಳಿದರು. "ಹುಳ ಗೂಡು ಕಟ್ಟೋಗಂಟ ಘಾಟು ಬರ್ಬಾರ್ದು ಟೀಚರಮ್ಮ. ಮೆಣಸಿನಕಾಯಿ ಹುರಿಯಂಗಿಲ್ಲ, ಊದುಬತ್ತಿ ಹಚ್ಚಂಗಿಲ್ಲ, ಸೆಂಟು ಹೊಡ್ಕೊಂಡು ಈ ಕಡೆ ಸುಳಿಯಂಗಿಲ್ಲ. ನಮ್ ಬೀದಿನಾಗೆ ಯಾರೂ ಮಾಡಲ್ಲ."

ವಿಜ್ಞಾನ ಓದಿಸುವವಳೆಂದು ನಾನು ಇದಕ್ಕೆ ನಗಲಿಲ್ಲ. ಹುಳುವಿಗೆ ಘಾಟು ಆಗುವುದಿಲ್ಲ ಎನ್ನುವುದು ನಿಜವೇ. ಅಂದಿನಿಂದ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಎಲ್ಲವನ್ನೂ ಚಿಂತಾಮಣಿಯಲ್ಲೇ ಹುರಿದು, ಕುಟ್ಟಿಸಿ, ಡಬ್ಬದಲ್ಲಿ ತರುತ್ತಿದ್ದೆ. ಜಂಗಮಕೋಟೆಯ ನನ್ನ ಒಲೆಯ ಮೇಲೆ ಒಂದೇ ಒಂದು ಮೆಣಸಿನಕಾಯಿ ಹುರಿದವಳಲ್ಲ. ಈ ಮಾತನ್ನು ನಾನು ಎಷ್ಟು ಜನರ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ. ಇಲ್ಲಿ ಇನ್ನೊಂದು ಸಲ ಬರೆದಿಡುತ್ತೇನೆ, ಕಾಗದವಾದರೂ ನಂಬಲಿ.

ಪ್ರಮೀಳ ಗೌರಿಬಿದನೂರು ಕಡೆಯವಳು. ನನ್ನದೇ ವಯಸ್ಸು. ಸಂಜೆ ಶಾಲೆಯಿಂದ ಬಂದರೆ ಅವಳು ಸೊಪ್ಪು ಹಾಕಿ ಮುಗಿಸಿ ಒಗೆಯುವ ಕಲ್ಲಿನ ಮೇಲೆ ಕೂತು ಕಾಯುತ್ತಿರುವಳು. ಎರಡೇ ತಿಂಗಳಲ್ಲಿ 'ಟೀಚರಮ್ಮ' ಹೋಗಿ 'ಶೈಲಾ' ಆಯಿತು, 'ನೀವು' ಹೋಗಿ 'ಕಣೇ' ಆಯಿತು. ಪಾದ ತೊಳೆಸಿ, ಸುಣ್ಣ ತುಳಿಸಿ ನನ್ನನ್ನು ಹುಳುಮನೆಯೊಳಗೆ ಕರೆದುಕೊಂಡು ಹೋದವಳು ಅವಳೇ. ಹುಳು ಪೊರೆ ಬಿಡುವ ಮೊದಲು ತಲೆಯೆತ್ತಿ ಮೇವು ಬಿಟ್ಟು ನಿಲ್ಲುವುದಕ್ಕೆ ಅವರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆ ಹಗಲಿರುಳೂ ಮೇಯುತ್ತದೆ, ಆಮೇಲೆ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಅವಳು ನನ್ನ ಅಂಗೈ ಮೇಲಿಟ್ಟು ಬೆಳಕಿಗೆ ಹಿಡಿಸಿದಳು. ಒಳಗಿನ ರೇಷ್ಮೆ ಜೇನಿನ ಬಣ್ಣದಲ್ಲಿ ಕಂಡಿತು. "ಈಗ ಚಂದ್ರಿಕೆಗೆ ಬಿಡ್ಬೇಕು. ಒಂದು ಗಳಿಗೆ ತಡ ಆದ್ರೂ ತಟ್ಟೇಲೇ ನೂಲು ಸುರಿಸ್ಬಿಡ್ತಾವೆ" ಎಂದಳು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ದೊಡ್ಡ ತಟ್ಟಿ.

ಅವಳ ಮೂಗು ಊರಿಗೆಲ್ಲ ಹೆಸರುವಾಸಿ. ಹಿಂದೊಮ್ಮೆ ಕೊಂಡು ತಂದ ಸೊಪ್ಪಿನ ಕಟ್ಟನ್ನು ಮೂಸಿ, ಇದಕ್ಕೆ ಔಷಧಿ ಹೊಡೆದಿದ್ದಾರೆ ಎಂದು ಪೂರ್ತಿ ಹೊರಗೆ ಎಸೆಸಿದ್ದಳಂತೆ. ಅದೇ ಸೊಪ್ಪು ಹಾಕಿದ ಬೇರೆಯವರ ಹುಳುವೆಲ್ಲ ಅವತ್ತೇ ಸತ್ತವಂತೆ. ಕೊರೊನಾದಲ್ಲಿ ಆ ಮನೆಯವರಿಗೆಲ್ಲ ವಾಸನೆ ಹೋಗಿತ್ತು, ಅವಳೊಬ್ಬಳಿಗೆ ಹೋಗಿರಲಿಲ್ಲ. ಅದಾದ ಮೇಲೆ ಆ ಮನೆಯಲ್ಲಿ ಹಾಲು ಕೆಟ್ಟಿದೆಯೇ ಎನ್ನುವುದಕ್ಕೂ ಅವಳನ್ನೇ ಕೇಳುತ್ತಿದ್ದರು. ತಮ್ಮ ಮೂಗಿನ ಮೇಲೆ ಯಾರಿಗೂ ನಂಬಿಕೆ ಉಳಿದಿರಲಿಲ್ಲ.

ಶಿವರಾತ್ರಿಯ ಆಸುಪಾಸು. ನಾನು ಕಲ್ಲಿನ ಮೇಲೆ ಸೀರೆ ಜಾಲಿಸುತ್ತಿದ್ದೆ. ಸೊಪ್ಪಿನ ಮಂಕರಿ ಹಿಡಿದು ಬಂದ ಪ್ರಮೀಳ ಜಾಲರಿ ಬಾಗಿಲಲ್ಲಿ ನಿಂತುಬಿಟ್ಟಳು.

"ಯಾರೋ ಮೆಣಸಿನಕಾಯಿ ಸುಡ್ತಾವ್ರೆ" ಎಂದಳು.

ಮುನಿಯಮ್ಮ ಒಳಗಿನಿಂದ ಬಂದು ಮೂಗೆಳೆದರು. "ಊಂ, ನಂಗೂ ಬಂತು. ಘಾಟೈತೆ." ಆಂಜಿನಪ್ಪನವರೂ ಬಂದು ಗಾಳಿ ಮೂಸಿ ತಲೆಯಾಡಿಸಿದರು. ನನಗೆ ಸೋಪಿನ ವಾಸನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಹಾಗೆಂದು ಹೇಳಿದೆ. "ನಿಮಗೆ ಕೊರೊನಾ ಆಗಿತ್ತಲ್ಲ ಟೀಚರಮ್ಮ" ಎಂದರು ಮುನಿಯಮ್ಮ. ಅವರಿಗೂ ಆಗಿತ್ತು, ಅದು ನೆನಪಾಗಲಿಲ್ಲ.

ಆಮೇಲೆ ಅದು ಆಗಾಗ ಬರತೊಡಗಿತು. ವಾಸನೆ ಬಂದಾಗ ಎಲ್ಲರೂ ಗಾಳಿಯನ್ನು ನೋಡುತ್ತಿದ್ದರು, ನಾನು ಪ್ರಮೀಳಳ ಮುಖ ನೋಡುತ್ತಿದ್ದೆ. ಅವಳು ನಿಂತಲ್ಲೇ ನಿಲ್ಲುವಳು. ಕಣ್ಣು ಎಲ್ಲೋ ನೆಟ್ಟಿರುತ್ತಿತ್ತು. ಬಾಯಲ್ಲಿ ಏನೋ ಇರುವಂತೆ ತುಟಿ ಚಪ್ಪರಿಸುವಳು, ಉಗುಳು ನುಂಗುವಳು. ಹೆಸರು ಹಿಡಿದು ಕೂಗಿದರೆ ಉತ್ತರವಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ವಾಪಸ್ಸು ಬಂದವಳಂತೆ "ಏನಂದೆ?" ಎನ್ನುವಳು. ಒಂದು ದಿನ ಅದೇ ಒಗೆಯುವ ಕಲ್ಲಿನ ಮೇಲೆ ಕೂತು, "ಶೈಲಾ, ಈ ಜಾಗಕ್ಕೆ ನಾನು ಮುಂಚೆ ಯಾವತ್ತೋ ಒಂದ್ಸಲ ಬಂದಿದ್ದೆ ಅನ್ಸುತ್ತೆ ಕಣೇ" ಎಂದಳು. ದಿನಾ ಬಟ್ಟೆ ಒಗೆಯುವ ಜಾಗವದು.

"ಪ್ರಮೀ, ಡಾಕ್ಟರ ಹತ್ರ ಹೋಗಣ. ನಾನೂ ಬರ್ತೀನಿ" ಎಂದೆ.

"ಹುಳ ಮೂರನೇ ಜ್ವರಕ್ಕೆ ಕೂತಿದೆ. ಈಗ ಆಸ್ಪತ್ರೆ ವಾಸನೆ ಮೈಗೆ ಹತ್ತಿಸ್ಕೊಂಡು ಬಂದ್ರೆ ಒಳಗೆ ಹೋಗಂಗಿಲ್ಲ ಕಣೇ" ಎಂದು ನಕ್ಕಳು. ಅವಳು ನಕ್ಕದ್ದು ನನಗೆ ನೆನಪಿರುವಂತೆ ಅದೇ ಕೊನೆ.

ಘಾಟು ಇದ್ದ ಮೇಲೆ ಹುರಿದವರು ಒಬ್ಬರು ಬೇಕಲ್ಲ. ಆ ಮನೆಯ ಒಂದು ಕಡೆ ಹೊಲ, ಒಂದು ಕಡೆ ರಸ್ತೆ, ಉಳಿದದ್ದು ನನ್ನ ಕಿಟಕಿ. ಮುನಿಯಮ್ಮ ಬೆಲ್ಲ ಕೇಳುವ ನೆಪದಲ್ಲಿ ನನ್ನ ಅಡುಗೆಕೋಣೆಗೆ ಬಂದರು. ಶೆಲ್ಫಿನ ಮೇಲೆ ಚಿಂತಾಮಣಿಯಿಂದ ತಂದ ಪುಡಿಯ ಡಬ್ಬ ಕೆಂಪಗೆ ಕಾಣಿಸುತ್ತಿತ್ತು. ಅದನ್ನು ನೋಡಿದರು, ನನ್ನನ್ನು ನೋಡಿದರು, ಬೆಲ್ಲ ಮರೆತು ಹೋದರು. ಮಾರನೆಯ ದಿನ ಹಾಲಿನ ಡೈರಿಯ ಮುಂದೆ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎನ್ನುವುದು ಊರಿನ ವಾದ. ನಾನಲ್ಲ ಎಂದು ನಾನಾಗಿ ಹೇಳಿದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ. ಸುಮ್ಮನಿದ್ದರೆ ಒಪ್ಪಿಕೊಂಡಂತೆ. ಹೊಗೆಯೇ ಇಲ್ಲವಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯುವುದು ಬೇಕಿರಲಿಲ್ಲವೋ.

ಯುಗಾದಿ ಹೊತ್ತಿಗೆ ಬಿಸಿಲು ಏರಿತು. ಆ ಸಲ ಹುಳುಮನೆಯ ಒಳಗೂ ಧಗೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಒಂದೊಂದಾಗಿ ಊದಿಕೊಂಡು, ಮುಟ್ಟಿದರೆ ಚರ್ಮ ಒಡೆದು ಬಿಳಿ ನೀರು ಸುರಿಸತೊಡಗಿದವು. ಹಾಲುತೊಂಡೆ ರೋಗ. ಬಿಸಿಲುಗಾಲದಲ್ಲಿ ಅದು ಎಷ್ಟೋ ಮನೆಗಳಿಗೆ ಬರುತ್ತದೆ, ಆ ವರ್ಷವೂ ಊರಲ್ಲಿ ಬೇರೆ ಮನೆಗಳಿಗೆ ಬಂದಿತ್ತು. ಆದರೆ ಬೇರೆ ಮನೆಗಳ ಪಕ್ಕ ಟೀಚರಮ್ಮ ಇರಲಿಲ್ಲ. ಇಡೀ ಬೆಳೆಯನ್ನು ಗುಂಡಿಗೆ ಹಾಕಿ ಸುಣ್ಣ ಸುರಿದರು. ಸುರಿದ ಸಲಿಕೆಯನ್ನು ಕೈಯಲ್ಲಿ ಹಿಡಿದೇ ಪ್ರಮೀಳ ನನ್ನ ಬಾಗಿಲಿಗೆ ಬಂದಳು. ಬೀದಿಯವರೆಲ್ಲ ಅವಳ ಹಿಂದೆ.

"ಯಾಕೆ ಹಿಂಗ್ ಮಾಡ್ದೆ ಶೈಲಾ? ನಾನು ನಿಂಗೇನ್ ಮಾಡಿದ್ದೆ?"

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವಳು ಮೆಲ್ಲಗೆ ಕೇಳಿದಳು.

"ನಾನು ಹುರಿದಿಲ್ಲ ಪ್ರಮೀ. ಯಾರೂ ಹುರಿದಿಲ್ಲ. ನಿಂಗೆ ಬರ್ತಿರೋ ವಾಸನೆ ಹೊರಗಿಲ್ಲ ಕಣೇ. ತಲೆಗೆ ಒಂದು ಸ್ಕ್ಯಾನ್ ಮಾಡಿಸ್ಕೋ" ಎಂದೆ.

"ಕೇಳಿದ್ರಾ?" ಎಂದರು ಮುನಿಯಮ್ಮ ಬೀದಿಯತ್ತ ತಿರುಗಿ. "ಹುಳ ಸಾಯಿಸಿದ್ದು ಸಾಲ್ದು ಅಂತ ನನ್ ಸೊಸೆಗೆ ತಲೆ ಕೆಟ್ಟಿದೆ ಅಂತಾವ್ಳೆ."

ಅಷ್ಟೇ. ಇನ್ನು ನಾನು ಸ್ಕ್ಯಾನ್ ಎಂದು ಬಾಯಿ ತೆರೆದಷ್ಟೂ ಅವರು ಸ್ಕ್ಯಾನಿನಿಂದ ದೂರ ಹೋಗುತ್ತಿದ್ದರು. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ ನನ್ನ ಮಾತು ಗೆದ್ದಂತಾಗುತ್ತಿತ್ತು. ಒಬ್ಬಳ ತಲೆಯೊಳಗೆ ಏನಾಗುತ್ತಿದೆ ಎನ್ನುವುದು ಕಿಟಕಿಗೂ ಜಾಲರಿ ಬಾಗಿಲಿಗೂ ನಡುವಿನ ಜಗಳವಾಗಿ ಹೋಯಿತು.

ಆದರೂ ನಾನು ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುತ್ತಿದ್ದ ಆಂಜಿನಪ್ಪನವರನ್ನು ದಾರಿಯಲ್ಲಿ ನಿಲ್ಲಿಸಿದೆ. ತುಟಿ ಚಪ್ಪರಿಸುವುದು, ಕಣ್ಣು ನೆಡುವುದು, ಕರೆದರೆ ಕೇಳಿಸದಿರುವುದು, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಖಾಲಿ ಕ್ಯಾನು ಕೆಳಗಿಟ್ಟು ಕೇಳಿಸಿಕೊಂಡರು.

"ನಾನೂ ನೋಡಿದೀನಿ ಮೇಡಂ" ಎಂದರು. "ನಿದ್ದೇಲೂ ಹಂಗೇ ಮಾಡ್ತಾಳೆ."

"ಮತ್ತೆ ನಿಮಗೆ ನಿಜವಾಗ್ಲೂ ಆ ವಾಸನೆ ಬರುತ್ತಾ ಅಣ್ಣಾ?"

ಅವರು ರಸ್ತೆ ನೋಡಿದರು. "ಇಲ್ಲ. ಬರಲ್ಲ ಅಂದ್ರೆ ಅವಳಿಗೆ ಬೇಜಾರಾಗುತ್ತೆ ಅಂತ ಹೂಂ ಅಂತಿದ್ದೆ. ಅಮ್ಮನೂ ಹೂಂ ಅಂತಿತ್ತಲ್ಲ."

"ಹಾಗಾದ್ರೆ ಇವತ್ತೇ ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡು ಹೋಗಿ."

"ಹೋಗೋದೇ ಮೇಡಂ. ಒಂದು ಬೆಳೆ ಹೋಯ್ತು. ಈಗ ಮರಿಹುಳ ಬರ್ತಾವೆ, ಅವಳ ಕೈ ಇಲ್ದೆ ಆಗಲ್ಲ. ಇದೊಂದು ಗೂಡು ಬಿಡಿಸ್ಬಿಡಣ, ಆಮೇಲೆ ಕರ್ಕೊಂಡು ಹೋಗ್ತೀನಿ."

ಅವರು ಕೆಟ್ಟವರಲ್ಲ. ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಅದನ್ನು ನೆನೆದರೇ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಗೂಡು ಬಿಡಿಸಿಬಿಡಣ ಎನ್ನುವ ಮಾತು ಆ ಕಡೆ ಎಲ್ಲ ಮನೆಗಳಲ್ಲೂ ಇದೆ. ಮದುವೆ ಮಾತುಕತೆ, ಹಲ್ಲುನೋವು, ಯಾರದೋ ಬಾಣಂತನ, ಎಲ್ಲವೂ ಗೂಡು ಬಿಡಿಸುವ ತನಕ ಕಾಯುತ್ತವೆ. ಸಾಮಾನ್ಯವಾಗಿ ಕಾಯುತ್ತವೆ ಕೂಡ. ಪ್ರಮೀಳಳ ತಲೆಯಲ್ಲಿದ್ದದ್ದು ಕಾಯುವ ಜಾತಿಯದಾಗಿರಲಿಲ್ಲ.

ಆ ವಾರವೇ ಕೋಣೆ ಖಾಲಿ ಮಾಡಿ ಎಂದು ಹೇಳಿ ಕಳಿಸಿದರು. ಊರಿನ ಇನ್ನೊಂದು ತುದಿಯಲ್ಲಿ, ಶಾಲೆಯ ಹಿಂದೆ, ಒಂದು ಕೋಣೆ ಸಿಕ್ಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಮಕ್ಕಳಿಗೆ ಗಾದೆ ವಿವರಿಸುತ್ತಿದ್ದವಳು ನಾನು. ಎಮ್ಮೆಗೆ ಹೇಗನಿಸುತ್ತದೆ ಎಂದು ಆಗ ಗೊತ್ತಾಯಿತು. ಒಂದು ಆಸೆ ಮಾತ್ರ ಇತ್ತು. ನಾನು ಆ ಕಿಟಕಿ ಬಿಟ್ಟ ಮೇಲೂ ಘಾಟು ನಿಲ್ಲುವುದಿಲ್ಲ, ಆಗಲಾದರೂ ಅವರಿಗೆ ಬುದ್ಧಿ ಬರುತ್ತದೆ ಎಂದುಕೊಂಡಿದ್ದೆ. ಘಾಟು ನಿಲ್ಲಲಿಲ್ಲ. "ಗಾಳಿ ಸ್ಕೂಲ್ ಕಡೆಯಿಂದ ಬೀಸ್ತೈತೆ" ಎಂದರಂತೆ ಮುನಿಯಮ್ಮ.

ಎರಡು ಬೆಳೆ ಹಾಗೆಯೇ ಕಳೆಯಿತು. ಪ್ರತಿ ಸಲವೂ ಇದೊಂದು ಗೂಡು, ಇದೊಂದು ಗೂಡು. ನಾನು ದೂರದಿಂದ ಅವಳನ್ನು ನೋಡುತ್ತಿದ್ದೆ. ಹೊಲದಲ್ಲಿ ಸೊಪ್ಪು ಕೊಯ್ಯುವಾಗ ಎಡಗೈ ಜೋಲುತ್ತಿತ್ತು. ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು.

ಆಷಾಢದಲ್ಲಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುತ್ತಿರುವಾಗ, ಅವಳು ಬಿದ್ದಳು. ಮೈಯೆಲ್ಲ ಸೆಟೆದು, ಬಾಯಲ್ಲಿ ನೊರೆ ಬಂದಿತ್ತಂತೆ. ಯಾರೋ ಕೈಗೆ ಬೀಗದ ಕೈ ಗೊಂಚಲು ಹಿಡಿಸಿದರು, ಯಾರೋ ಈರುಳ್ಳಿ ಮೂಸಿಸಿದರು. ಆಗ ಮಾತ್ರ ಹುಳು ಗೂಡು ಕಟ್ಟುವ ತನಕ ಕಾಯಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಸ್ಕ್ಯಾನ್ ಆಯಿತು, ಬೆಂಗಳೂರಿಗೆ ಬರೆದುಕೊಟ್ಟರು.

ಆಂಜಿನಪ್ಪನವರು ನನ್ನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. "ಮೇಡಂ, ನೀವು ಒಂಚೂರು ಬೆಂಗಳೂರಿಗೆ ಬರ್ಬೇಕು. ಅವರು ಹೇಳೋದು ನಮಗೆ ಗೊತ್ತಾಗಲ್ಲ, ನಾವು ಕೇಳೋದು ಅವರಿಗೆ ಗೊತ್ತಾಗಲ್ಲ." ಮೆಣಸಿನಕಾಯಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಬಾಗಿಲು ಹಾಕುತ್ತಿದ್ದೆನೋ ಏನೋ. ರಜೆ ಬರೆದುಕೊಟ್ಟು ಹೊರಟೆ.

ಅಲ್ಲಿ ನಮಗೆ ಸಿಕ್ಕಿದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪ್ರಮೀಳಳ ತವರಿನ ಕಡೆಯವಳೇ, ನಮ್ಮ ಮಾತೇ ಆಡುತ್ತಿದ್ದಳು. ಬೆಳಕಿನ ಪಟ್ಟಿಗೆ ಸ್ಕ್ಯಾನ್ ಸಿಕ್ಕಿಸಿ, ಕಿವಿಯ ಮೇಲಿನ ಜಾಗಕ್ಕೆ ಬೆರಳಿಟ್ಟು, "ವಾಸನೆ ಗುರುತು ಹಿಡಿಯೋ ಜಾಗ ಇದರ ಪಕ್ಕದಲ್ಲೇ ಇರುತ್ತೆ. ಇಲ್ಲಿ ಗಡ್ಡೆ ಶುರುವಾದ್ರೆ ಕೆಲವರಿಗೆ ಇಲ್ಲದ ವಾಸನೆ ಬರುತ್ತೆ, ಜಾಸ್ತಿ ಸುಟ್ಟ ವಾಸನೆ. ಇವರು ಹಂಗೇನಾದ್ರೂ ಹೇಳ್ತಿದ್ರಾ?" ಎಂದು ಕೇಳಿದಳು.

ಆಂಜಿನಪ್ಪನವರು ನೆಲ ನೋಡಿದರು. ಮುನಿಯಮ್ಮ ಸೆರಗು ಸರಿಮಾಡಿಕೊಂಡರು. ಹೇಳುತ್ತಿದ್ದಳು ಎಂದು ಹೇಳಬೇಕಾದವಳೂ ನಾನೇ ಆದೆ.

ಆಪರೇಷನ್ ಆದ ಕೆಲವು ದಿನಗಳಿಗೆ ಡಾಕ್ಟರು ನನ್ನನ್ನು ಮಾತ್ರ ಒಳಗೆ ಕರೆದಳು. ಕೈಗೆ ಸಿಕ್ಕಷ್ಟನ್ನು ತೆಗೆದಿದ್ದೇವೆ, ಆದರೆ ಗಡ್ಡೆಯ ಕೋಶಗಳು ಸುತ್ತಲಿನ ಮೆದುಳಿನೊಳಗೆ ನುಸುಳಿ ಹೋಗಿಬಿಟ್ಟಿವೆ ಎಂದಳು.

"ಸುತ್ತಲಿನ ಕೋಶಗಳು ತಡೆಯೋದಿಲ್ವಾ?" ಎಂದೆ. ಪಾಠದಲ್ಲಿ ನಾನು ಅವುಗಳ ಬಗ್ಗೆ ಓದಿಸುವುದು ಒಂದೇ ಸಾಲು. ನರಕೋಶಗಳಿಗೆ ಆಸರೆಯಾಗಿ, ಅವನ್ನು ಪೋಷಿಸುವ ಕೋಶಗಳೂ ಮೆದುಳಿನಲ್ಲಿವೆ ಎಂದು.

"ತಡೀಬೇಕು. ಕಾವಲು ಕಾಯೋಕೆ ಅಂತಾನೇ ಕೋಶಗಳಿದಾವೆ. ಆದ್ರೆ ಗಡ್ಡೆ ಅವನ್ನ ತನ್ನ ಕಡೆ ಎಳ್ಕೊಂಡ್ಬಿಡುತ್ತೆ ಮೇಡಂ. ಕಾವಲಿನವೇ ಅದಕ್ಕೆ ದಾರಿ ಬಿಡಿಸಿಕೊಡ್ತಾವೆ. ಪೋಷಣೆ ಮಾಡೋವು ಅದಕ್ಕೂ ಪೋಷಣೆ ಮಾಡ್ತಾವೆ. ನರಕೋಶಗಳು ಒಂದಕ್ಕೊಂದು ಸುದ್ದಿ ಕಳಿಸ್ತಾವಲ್ಲ, ಗಡ್ಡೆ ಅದಕ್ಕೂ ಕೊಂಡಿ ಹಾಕ್ಕೊಂಡು, ಆ ಸುದ್ದಿ ಕೇಳ್ಕೊಂಡೇ ಬೆಳೆಯುತ್ತೆ. ಮುಂಚೆ ಎಲ್ಲರೂ ಗಡ್ಡೆ ಒಂದನ್ನೇ ನೋಡ್ತಿದ್ರು. ಈಗ ಅದು ಹರಡೋದ್ರಲ್ಲಿ ಸುತ್ತಲಿನವುಗಳ ಪಾಲು ಎಷ್ಟು ಅಂತ ನೋಡ್ತಿದಾರೆ."

"ಅಂದ್ರೆ ಅವಕ್ಕೂ ರೋಗ ಬಂದಿರುತ್ತಾ?"

"ಇಲ್ಲ. ಅವು ಚೆನ್ನಾಗೇ ಇರ್ತಾವೆ. ದಿನಾ ಮಾಡೋ ಕೆಲಸಾನೇ ಮಾಡ್ತಿರ್ತಾವೆ. ಯಾರಿಗೋಸ್ಕರ ಮಾಡ್ತಿದೀವಿ ಅಂತ ಮಾತ್ರ ಅವಕ್ಕೆ ಗೊತ್ತಿರಲ್ಲ."

ಹೋಲಿಕೆ ಹುಡುಕುವ ಕಷ್ಟ ನನಗೆ ಬರಲಿಲ್ಲ. ಗಾಜಿನ ಬಾಗಿಲಾಚೆ ಅವರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಮುನಿಯಮ್ಮನ ತೊಡೆಯ ಮೇಲೆ ಸೊಸೆಗೆಂದು ಮನೆಯಿಂದ ಮಾಡಿ ತಂದ ರಾಗಿ ಗಂಜಿಯ ಡಬ್ಬವಿತ್ತು, ಆರದಿರಲಿ ಎಂದು ಟವೆಲ್ಲು ಸುತ್ತಿದ್ದರು.

"ಶಿವರಾತ್ರಿಯಲ್ಲೇ ಕರ್ಕೊಂಡು ಬಂದಿದ್ರೆ?" ಎಂದೆ.

ಡಾಕ್ಟರು ತಡೆದು ಹೇಳಿದಳು. "ಉಳೀತಿದ್ರು ಅಂತ ನಾನ್ ಹೇಳಲ್ಲ. ಇದು ಬಿಡೋ ಗಡ್ಡೆ ಅಲ್ಲ. ಆದ್ರೆ ಇಷ್ಟು ದೂರ ಹೋಗಿರ್ತಿರಲಿಲ್ಲ. ಇನ್ನಷ್ಟು ದಿನ, ಚೆನ್ನಾಗಿರೋ ದಿನ, ಸಿಕ್ತಿತ್ತು."

ಹೊರಗೆ ಬಂದು ಮುನಿಯಮ್ಮನಿಗೆ ತಿಳಿಯುವಂತೆ ಎಲ್ಲವನ್ನೂ ಹೇಳಿದೆ. ವಾಸನೆ ಗಡ್ಡೆಯಿಂದ ಬರುತ್ತಿತ್ತು, ಹೊರಗಿನಿಂದಲ್ಲ ಎನ್ನುವುದನ್ನು ಎರಡು ಸಲ ಹೇಳಿದೆ. ಅವರು ಕಣ್ಣೊರೆಸಿಕೊಳ್ಳುತ್ತಾ ಕೇಳಿದರು. ಆಮೇಲೆ, "ಏಂ ಚೇಸ್ತಾಂ ತಾಯಿ, ಏನ್ ಮಾಡಕಾಗುತ್ತೆ" ಎಂದು ನಿಟ್ಟುಸಿರು ಬಿಟ್ಟು, "ಅಂಗಾದ್ರೆ ಆ ಘಾಟು ತಲೆಗೇರೇ ಗಡ್ಡೆ ಕಟ್ಕೊಂತಾ?" ಎಂದರು.

ನಾನು ಮೆಟ್ಟಿಲು ಹಿಡಿದೆ. ಕೆಳಗೆ ಹೋಗಿ ಕ್ಯಾಂಟೀನಿನಲ್ಲಿ ಕೂತು ಅತ್ತೆ. ಪ್ರಮೀಳಳಿಗಾಗಿ ಅತ್ತೆನೋ ನನಗಾಗಿ ಅತ್ತೆನೋ ತಿಳಿಯದು. ಎರಡೂ ಇತ್ತು.

ದೀಪಾವಳಿ ಕಳೆದ ಮೇಲೆ ಇನ್ನು ಆಸ್ಪತ್ರೆಯಲ್ಲಿ ಮಾಡುವುದೇನೂ ಇಲ್ಲ ಎಂದು ಮನೆಗೆ ಕಳಿಸಿದರು. ಹುಳುಮನೆ ಖಾಲಿಯಿತ್ತು, ಅವಳ ಮಂಚವನ್ನು ಅಲ್ಲೇ ಹಾಕಿದ್ದರು, ತಂಪು ಎಂದು. ಒಂದು ಮಧ್ಯಾಹ್ನ ಆಂಜಿನಪ್ಪನವರು ಶಾಲೆಗೇ ಬಂದು ಕರೆದರು. "ನಿಮ್ಮನ್ನೇ ಕೇಳ್ತಾವ್ಳೆ ಮೇಡಂ."

ಔಷಧಿಯಿಂದ ಮುಖ ಊದಿತ್ತು. ತಲೆಗೂದಲು ಬೋಳಿಸಿದ ಜಾಗದಲ್ಲಿ ಹೊಲಿಗೆಯ ಗೀಟು. ಎಡಗೈ ಹೊದಿಕೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ಬೇರೆಯವರನ್ನು ಹೊರಗೆ ಹೋಗಿ ಎಂದು ಕಣ್ಣಲ್ಲೇ ಹೇಳಿದಳು. ಮುನಿಯಮ್ಮ ಮಾತ್ರ ಗಂಜಿ ಲೋಟ ಹಿಡಿದು ಬಾಗಿಲಲ್ಲೇ ನಿಂತರು.

"ಬರ್ತಾನೇ ಇದೆ ಕಣೇ" ಎಂದಳು. ಮಾತು ತೊದಲುತ್ತಿತ್ತು. "ಈಗ ಹಗಲೆಲ್ಲ ಬರುತ್ತೆ. ಆಗ ಎಲ್ಲರಿಗೂ ಬರ್ತಿತ್ತಲ್ಲ. ಅತ್ತೆಗೆ ಬರ್ತಿತ್ತು, ಇವರಿಗೆ ಬರ್ತಿತ್ತು. ಈಗ ಕೇಳಿದ್ರೆ ಯಾರಿಗೂ ಬರಲ್ಲ ಅಂತಾರೆ. ಅದು ಕಾಯಿಲೆ, ಸುಮ್ನಿರು ಅಂತಾರೆ." ಸರಿಯಿದ್ದ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು. "ನಂಗೆ ಹುಚ್ಚು ಹಿಡಿದೈತಾ ಶೈಲಾ? ನಾನೊಬ್ಬಳೇನಾ?"

ಇಲ್ಲ ಎನ್ನಬೇಕಾದಾಗ ಎಲ್ಲರೂ ಹೌದು ಎಂದಿದ್ದರು. ಈಗ ಡಾಕ್ಟರು ಹೇಳಿದ್ದಾರೆಂದು, ಹೌದು ಎಂದರೆ ಯಾರ ಗಂಟೂ ಹೋಗದ ಹೊತ್ತಿನಲ್ಲಿ, ಎಲ್ಲರೂ ಸೇರಿ ಇಲ್ಲ ಎನ್ನುತ್ತಿದ್ದರು. ವರ್ಷವಿಡೀ ಅವಳ ಜೊತೆಗಿದ್ದವರು ಈಗ ಅವಳನ್ನು ಆ ವಾಸನೆಯ ಜೊತೆ ಒಂಟಿಯಾಗಿ ಬಿಟ್ಟಿದ್ದರು. ಅವಳ ಕಣ್ಣಲ್ಲಿದ್ದ ಹೆದರಿಕೆಯನ್ನು ನಾನು ಯಾರ ಕಣ್ಣಲ್ಲೂ ಕಂಡಿಲ್ಲ. ಅದು ಸಾವಿನ ಹೆದರಿಕೆಯಲ್ಲ. ಅದನ್ನು ಅವಳು ಆಗಲೇ ದಾಟಿದ್ದಳು.

"ನಂಗೂ ಬರ್ತಿದೆ ಪ್ರಮೀ" ಎಂದೆ. "ನಾನೇ ಹುರಿದದ್ದು. ಸಾರಿನ ಪುಡಿಗೆ. ಆಗ್ಲೂ ನಾನೇ ಹುರಿದದ್ದು. ತಪ್ಪಾಯ್ತು ಕಣೇ."

ಅವಳು ನನ್ನನ್ನೇ ನೋಡಿದಳು. ಹಿಡಿದ ಕೈ ಸಡಿಲವಾಯಿತು. "ನಂಗೊತ್ತಿತ್ತು" ಎಂದಳು. "ನನ್ ಮೂಗು ಸುಳ್ ಹೇಳಲ್ಲ." ಹೊಟ್ಟೆಯ ಆಳದಿಂದ ಒಂದು ಉಸಿರು ಬಿಟ್ಟು ಕಣ್ಣು ಮುಚ್ಚಿದಳು. ನಿದ್ದೆ ಹತ್ತಿತು. ಎಷ್ಟೋ ದಿನಗಳಿಂದ ಹಾಗೆ ಮಲಗಿರಲಿಲ್ಲವಂತೆ. ಕಾರ್ತಿಕ ಮುಗಿಯುವ ಮೊದಲು ಅವಳೂ ಮುಗಿದಳು. ನಾನು ವರ್ಗಾವಣೆ ಕೇಳಿಕೊಂಡು ಚಿಕ್ಕಬಳ್ಳಾಪುರಕ್ಕೆ ಬಂದೆ.

ಪರೀಕ್ಷೆ ಮುಗಿಸಿ ಬಸ್ಸಿಗೆ ನಿಂತಿದ್ದಾಗ ಹೆಗಲ ಮೇಲೆ ಕೈ ಬಿತ್ತು. ಮುನಿಯಮ್ಮ. ಸೊಂಟ ಬಾಗಿದೆ, ಕೈಯಲ್ಲಿ ಕೋಲು. ಬಿಡದೆ ಮನೆಗೆ ಎಳೆದುಕೊಂಡು ಹೋದರು, ಕಾಫಿ ಕೊಟ್ಟರು. ಆಂಜಿನಪ್ಪನವರು ಹೊಲಕ್ಕೆ ಹೋಗಿದ್ದರು. ಹಿಪ್ಪುನೇರಳೆ ಕಿತ್ತು ಮೆಣಸಿನಗಿಡ ಹಾಕಿದ್ದಾರಂತೆ. ನಾನಿದ್ದ ಕೋಣೆಯ ಕಿಟಕಿ ಹಾಗೆಯೇ ಇತ್ತು, ನುಗ್ಗೆಮರ ಇರಲಿಲ್ಲ. ಎದುರುಮನೆಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಇಣುಕಿ, ಯಾರು ಎಂದು ಹುಬ್ಬಿನಲ್ಲೇ ಕೇಳಿದಳು.

"ಅದೇ ಕಣೇ, ಟೀಚರಮ್ಮ. ಹೇಳ್ತಿದ್ನಲ್ಲ" ಎಂದರು ಮುನಿಯಮ್ಮ. ಆ ಹೆಂಗಸಿನ ಮುಖದಲ್ಲಿ ಗುರುತು ಹತ್ತಿದ್ದು ಕಂಡಿತು. ಏನು ಹೇಳಿದ್ದರೆಂದು ಕೇಳುವುದೇ ಬೇಕಾಗಿರಲಿಲ್ಲ.

ಹೊರಡುವಾಗ ಮುನಿಯಮ್ಮ ನನ್ನ ಗಲ್ಲ ಸವರಿದರು. ಅವರ ಕಣ್ಣಲ್ಲಿ ನಿಜವಾದ ನೀರಿತ್ತು. "ಮನಸ್ಸಿನಾಗೆ ಏನೂ ಇಟ್ಕೋಬೇಡ ತಾಯಿ. ನಮ್ ಹುಡುಗಿ ಮುಂದೆ ಬಾಯ್ಬಿಟ್ಟು ಒಪ್ಕೊಂಡೆಯಲ್ಲ, ಅದೇ ದೊಡ್ಡ ಗುಣ. ನಾವೆಲ್ಲ ಅವತ್ತೇ ಮಾಫಿ ಮಾಡ್ಬಿಟ್ವಿ."

ಬಾಯಿ ತೆರೆದೆ. ನಾನು ಹುರಿದಿಲ್ಲ ಎಂದರೆ ಪ್ರಮೀಳಳ ಮೂಗು ಸುಳ್ಳಾಗುತ್ತದೆ, ಆ ನಿದ್ದೆಯೂ ಸುಳ್ಳಾಗುತ್ತದೆ. ಬಾಯಿ ಮುಚ್ಚಿದೆ. ಅವರು ಒಳಗೆ ಹೋಗಿ ಒಣಮೆಣಸಿನಕಾಯಿ ತುಂಬಿದ ಚೀಲ ತಂದು ನನ್ನ ಕೈಗಿಟ್ಟರು.

"ನಮ್ ಹೊಲದ್ದೇ. ಈಗ ಹುಳ ಇಲ್ಲ ಕಣಮ್ಮ. ಧಾರಾಳವಾಗಿ ಹುರ್ಕೋ."

ಆ ಚೀಲ ಕೆಲವು ದಿನ ಅಡುಗೆಮನೆಯ ಮೂಲೆಯಲ್ಲಿತ್ತು. ಎಸೆಯಲು ಎರಡು ಸಲ ಎತ್ತಿಕೊಂಡು ಹೋಗಿ ವಾಪಸ್ಸು ತಂದೆ. ನಿನ್ನೆ ಭಾನುವಾರ, ಒಲೆ ಹಚ್ಚಿ, ಬಾಣಲೆಯಿಟ್ಟು, ಕಿಟಕಿ ತೆರೆದೇ ಎಲ್ಲವನ್ನೂ ಹುರಿದೆ. ಘಾಟಿಗೆ ಕಣ್ಣುಮೂಗಲ್ಲಿ ನೀರಿಳಿಯಿತು. ಮನೆಯವರು ಕೆಮ್ಮುತ್ತಾ ಎದ್ದು ಹೊರಗೆ ಹೋದರು. ಒಂದು ವರ್ಷ ಇಡೀ ಬೀದಿಯ ಮೂಗಿಗೆ ಬಂದ ವಾಸನೆ ನನ್ನ ಮೂಗಿಗೆ ಬಂದದ್ದು ಅದೇ ಮೊದಲು.